ಕಿವಿಯ ಆಕಾರದಿಂದ ಮನುಷ್ಯನ ಗುರುತು

ಎರಡು ವರ್ಷಗಳ ಹಿಂದೆ ಶ್ರೀಮಠದ ಆವರಣದಲ್ಲಿ ಅಮಾವಾಸ್ಯೆಯಂದು ನಡೆಯುವ ಉಚಿತ ಆರೋಗ್ಯ ತಪಾಸಣೆಯ ಸಮಯದಲ್ಲಿ ನಾಲ್ವರು ಒಟ್ಟಾಗಿ ಬಂದು ನನ್ನ ಮುಂದೆ ಕುಳಿತರು. ಅವರಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ಎಪ್ಪತ್ತು ದಾಟಿದ ಒಬ್ಬ ತಾಯಿ, ಆಕೆಯ ಕಿರಿಯ ಮಗ, ಊರಿನ ಹಿರಿಯರೊಬ್ಬರು, ಮತ್ತು ಐವತ್ತರ ಸಮೀಪದ, ತಲೆ ತಗ್ಗಿಸಿಕೊಂಡೇ ಕುಳಿತಿದ್ದ ಒಬ್ಬ ಮನುಷ್ಯ. ಆ ತಾಯಿಯ ಹಿರಿಯ ಮಗ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಂದೆಯೊಡನೆ ಜಗಳವಾಡಿ ಊರು ಬಿಟ್ಟಿದ್ದನಂತೆ. ಇಪ್ಪತ್ತೆಂಟು ವರ್ಷಗಳ ತರುವಾಯ ಈ ಮನುಷ್ಯ ಬಂದು ತಾನೇ ಆ ಮಗನೆಂದು ಹೇಳಿದ್ದ. ತಾಯಿ ಒಪ್ಪಿಕೊಂಡಿದ್ದರು, ಕಿರಿಯ ಮಗ ಒಪ್ಪಿರಲಿಲ್ಲ. ಮನೆಗೆ ನಾಲ್ಕು ಎಕರೆ ಹೊಲವಿದೆ ಎಂಬುದನ್ನೂ ಹಿರಿಯರು ಮೆಲುದನಿಯಲ್ಲಿ ತಿಳಿಸಿದರು.

ಕಿರಿಯ ಮಗ ಅಂಗಿಯ ಜೇಬಿನಿಂದ ಜಾತ್ರೆಯ ಸ್ಟುಡಿಯೋದಲ್ಲಿ ತೆಗೆಸಿದ ಹಳೆಯ ಫೋಟೋ ಒಂದನ್ನು ತೆಗೆದು ಮೇಜಿನ ಮೇಲಿಟ್ಟ. "ನೋಡ್ರಿ ಸಾಹೇಬ್ರ, ನಮ್ಮಣ್ಣನ ಕಿವಿ ಹೆಂಗೈತಿ, ಇವರ ಕಿವಿ ಹೆಂಗೈತಿ. ಮಾರಿ ಬದಲಾಗಬಹುದು, ಕಿವಿ ಬದಲಾಗತೈತೇನ್ರಿ? ಬೆರಳಚ್ಚು ಇದ್ದಂಗ ಕಿವಿನೂ ಅಂತ ಮೊಬೈಲಿನ್ಯಾಗ ಬಂದೈತಿ" ಎಂದ. ಫೋಟೋದಲ್ಲಿದ್ದ ತರುಣನ ಬಲಗಿವಿ ತಿದ್ದಿ ತೀಡಿದಂತೆ ಸುಂದರವಾಗಿತ್ತು. ಎದುರಿಗೆ ಕುಳಿತವನ ಬಲಗಿವಿಯ ಮೇಲ್ಭಾಗ ಮುದುಡಿ ಗಂಟಾಗಿತ್ತು. ಊರ ಹಿರಿಯರಿಗೆ ನನ್ನಿಂದ ಒಂದು ಚೀಟಿ ಬೇಕಾಗಿತ್ತು: ಇವನು ಅವನೇ, ಅಥವಾ ಅವನಲ್ಲ.

ಆ ದಿನ ನಾನು ಅವರಿಗೆ ಹೇಳಿದ್ದನ್ನು, ಹಾಗೂ ಹೇಳಲು ಸಮಯ ಸಾಲದೆ ಉಳಿದದ್ದನ್ನು, ಈ ಸಂಚಿಕೆಯಲ್ಲಿ ಸದ್ಭಕ್ತರ ಮುಂದಿಡುತ್ತಿದ್ದೇನೆ.

ಕಿವಿಯ ರಚನೆ

ಓದುಗರು ಒಮ್ಮೆ ಕನ್ನಡಿಯ ಮುಂದೆ ನಿಂತು ತಮ್ಮ ಕಿವಿಯನ್ನು ನೋಡಿಕೊಂಡರೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಹೊರಗಿವಿಯ ಅಂಚಿನಲ್ಲಿ ಮೇಲಿನಿಂದ ಸುತ್ತಿಕೊಂಡು ಬರುವ ಮಡಿಕೆಯೊಂದಿದೆ. ಅದರ ಒಳಗೆ ಮತ್ತೊಂದು ಏಣು. ಅದು ಮೇಲೆ ಹೋಗುತ್ತ ಕವಲೊಡೆದು ಎರಡಾಗುತ್ತದೆ. ನಡುವೆ ಬಟ್ಟಲಿನಂತಹ ತಗ್ಗು. ರಂಧ್ರದ ಮುಂದೆ ಅರ್ಧ ಮರೆಯಾಗಿ ನಿಂತ ಪುಟ್ಟ ಉಬ್ಬು, ಅದರ ಎದುರಿಗೆ ಇನ್ನೊಂದು ಉಬ್ಬು, ಎರಡರ ನಡುವೆ ಒಂದು ಕಚ್ಚು. ಎಲ್ಲಕ್ಕಿಂತ ಕೆಳಗೆ ಓಲೆ ತೊಡುವ ಮೆತ್ತನೆಯ ಹಾಲೆ. ಚರಕಸಂಹಿತೆಯ ಶಾರೀರಸ್ಥಾನವು ಶರೀರದ ಐವತ್ತಾರು ಪ್ರತ್ಯಂಗಗಳನ್ನು ಎಣಿಸುವಾಗ ಹೊರಗಿವಿಯನ್ನು ಕರ್ಣಶಷ್ಕುಲಿ ಎಂದೂ, ರಂಧ್ರದ ಮುಂದಿನ ಉಬ್ಬನ್ನು ಕರ್ಣಪುತ್ರಕವೆಂದೂ ಬೇರೆಬೇರೆಯಾಗಿ ಹೆಸರಿಸಿದೆ. ಸುಶ್ರುತರು ಹಾಲೆಯನ್ನು ಕರ್ಣಪಾಲಿ ಎನ್ನುತ್ತಾರೆ. ಹಾಲೆಯೊಂದನ್ನು ಬಿಟ್ಟು ಉಳಿದ ಭಾಗಕ್ಕೆಲ್ಲ ಆಧಾರವಾಗಿರುವುದು ಗಟ್ಟಿ ಎಲುಬಲ್ಲ, ಬಾಗಿ ಮತ್ತೆ ನೆಟ್ಟಗಾಗುವ ತರುಣಾಸ್ಥಿ. ಶಾಲೆಯ ಪುಸ್ತಕಗಳಲ್ಲಿ ಇದನ್ನೇ ಮೃದ್ವಸ್ಥಿ ಎಂದು ಕರೆಯುತ್ತಾರೆ. ಹಾಲೆಯಲ್ಲಿರುವುದು ಚರ್ಮ ಮತ್ತು ಮೇದಸ್ಸು ಮಾತ್ರ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಗರ್ಭದಲ್ಲಿ ಸುಮಾರು ಆರನೆಯ ವಾರದ ಹೊತ್ತಿಗೆ ಭ್ರೂಣದ ಕತ್ತಿನ ಬದಿಯಲ್ಲಿ ಆರು ಸಣ್ಣ ದಿಬ್ಬಗಳು ಮೂಡುತ್ತವೆ. ಅವು ಬೆಳೆದು ಒಂದನ್ನೊಂದು ಕೂಡಿಕೊಂಡು ಕಿವಿಯಾಗುತ್ತದೆ. ಆರು ದಿಬ್ಬಗಳು ಕೂಡುವಾಗ ಒಂದು ಎಳೆಯಷ್ಟು ಹೆಚ್ಚು, ಒಂದು ಎಳೆಯಷ್ಟು ಕಡಿಮೆ ಆದರೂ ಆಕಾರ ಬೇರೆಯಾಗುತ್ತದೆ. ಆದುದರಿಂದಲೇ ಕಿವಿಗಳಲ್ಲಿ ಇಷ್ಟು ವೈವಿಧ್ಯ. ಒಂದೇ ಗರ್ಭಕೋಶದಲ್ಲಿ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಕಿವಿಗಳು ಬಹಳ ಹೋಲುತ್ತವೆಯಾದರೂ ಸೂಕ್ಷ್ಮವಾಗಿ ನೋಡಿದರೆ ಬೇರೆ. ನಮ್ಮದೇ ಎಡಗಿವಿ ಬಲಗಿವಿಗಳು ಕೂಡ ತದ್ರೂಪವಲ್ಲ. ನಲವತ್ತು ವರ್ಷ ಬೇರೆಯವರ ಕಿವಿಗಳನ್ನು ನೋಡಿದ ನಾನು ನನ್ನ ಎಡಗಿವಿಯ ಹಾಲೆ ಬಲಗಿವಿಯದಕ್ಕಿಂತ ದೊಡ್ಡದೆಂಬುದನ್ನು ತಿಳಿದದ್ದು ಈ ಲೇಖನ ಬರೆಯಲು ಕುಳಿತ ಮೇಲೆ.

ಕೆಲವರ ಕಿವಿಯ ಮೇಲಂಚಿನ ಮಡಿಕೆಯಲ್ಲಿ ಒಂದು ಸಣ್ಣ ಗಂಟಿರುತ್ತದೆ. ಚಾರ್ಲ್ಸ್ ಡಾರ್ವಿನ್ 1871ರ ತಮ್ಮ ಗ್ರಂಥದಲ್ಲಿ ಅದನ್ನು ವಿವರಿಸಿದುದರಿಂದ ಅದಕ್ಕೆ ಅವರದೇ ಹೆಸರು ಬಂದಿದೆ. ಅದನ್ನು ಡಾರ್ವಿನ್ನರಿಗೆ ತೋರಿಸಿಕೊಟ್ಟವರು ಥಾಮಸ್ ವೂಲ್ನರ್ ಎಂಬ ಶಿಲ್ಪಿ. ವೈದ್ಯರ ಕಣ್ಣು ಜಾರಿದ ಕಡೆ ಶಿಲ್ಪಿಯ ಕಣ್ಣು ನಿಂತಿತು.

ಹಾಲೆಯ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕಾಗಿದೆ. ಕೆಲವರ ಹಾಲೆ ಕೆನ್ನೆಗೆ ಅಂಟಿಕೊಂಡಿರುತ್ತದೆ, ಕೆಲವರದು ಬಿಡಿಯಾಗಿ ತೂಗುತ್ತದೆ. ಇದು ಒಂದೇ ಜೀನಿನಿಂದ ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಲಕ್ಷಣವೆಂದು ಬಹುಕಾಲ ಶಾಲೆಗಳಲ್ಲಿ ಕಲಿಸಲಾಯಿತು. ಅದು ಅಷ್ಟು ಸರಳವಲ್ಲ. 2017ರಲ್ಲಿ ಪ್ರಕಟವಾದ, 74,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನವೊಂದು ಹಾಲೆಯ ಈ ಒಂದೇ ಲಕ್ಷಣಕ್ಕೆ ಸಂಬಂಧಿಸಿದ 49 ಸ್ಥಾನಗಳನ್ನು ವಂಶವಾಹಿಯಲ್ಲಿ ಗುರುತಿಸಿತು. ಮಗುವಿನ ಹಾಲೆ ತಂದೆಯಂತಿಲ್ಲ ಎಂಬುದನ್ನು ಹಿಡಿದು ಹೆಂಡತಿಯ ಮೇಲೆ ಸಂಶಯಪಟ್ಟು ನನ್ನ ಬಳಿಗೆ ಬಂದ ಇಬ್ಬರು ಗಂಡಂದಿರನ್ನು ನಾನು ಕಂಡಿದ್ದೇನೆ. ಅರೆಬರೆ ವಿಜ್ಞಾನ ಮನೆಯೊಂದನ್ನು ಹೇಗೆ ಸುಡಬಲ್ಲದೆಂಬುದು ಅಂದು ನನಗೆ ಅರಿವಾಯಿತು. ಇಬ್ಬರನ್ನೂ ಬೈದೇ ಕಳುಹಿಸಿದೆ.

ಪ್ಯಾರಿಸ್ಸಿನಿಂದ ಕಲಕತ್ತೆಗೆ

ಕಿವಿಯನ್ನು ಮೊದಲು ಪೊಲೀಸು ಕಡತಕ್ಕೆ ತಂದವರು ಪ್ಯಾರಿಸ್ಸಿನ ಅಲ್ಫೋನ್ಸ್ ಬೆರ್ತಿಯೋ. 1853ರಲ್ಲಿ ಹುಟ್ಟಿದ ಇವರು ವೈದ್ಯರೊಬ್ಬರ ಮಗ. 1879ರಲ್ಲಿ ಪೊಲೀಸು ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿದರು. ಆ ಕಾಲದಲ್ಲಿ ಒಮ್ಮೆ ಸಿಕ್ಕಿಬಿದ್ದ ಕಳ್ಳ ಮತ್ತೆ ಸಿಕ್ಕಾಗ ಬೇರೆ ಹೆಸರು ಹೇಳಿ ಹೊಸಬನಾಗಿಬಿಡುತ್ತಿದ್ದ. ಬೆರ್ತಿಯೋ ಹನ್ನೊಂದು ಅಳತೆಗಳ ಪದ್ಧತಿಯೊಂದನ್ನು ಮಾಡಿದರು: ಎತ್ತರ, ತಲೆಯ ಉದ್ದಗಲ, ಎಡಗಾಲಿನ ಪಾದ, ಎಡಗೈಯ ನಡುಬೆರಳು ಇತ್ಯಾದಿ, ಅವುಗಳ ಜೊತೆಗೆ ಬಲಗಿವಿಯ ಉದ್ದ. ಮುಖದ ಅಂಗಗಳಲ್ಲೆಲ್ಲ ವ್ಯಕ್ತಿಯನ್ನು ಗುರುತಿಸಲು ಕಿವಿಯೇ ಶ್ರೇಷ್ಠವೆಂದು ಅವರ ಅಭಿಪ್ರಾಯವಾಗಿತ್ತು. ಇಂದಿಗೂ ಆರೋಪಿಯ ಚಿತ್ರವನ್ನು ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಯುವ ಪದ್ಧತಿ ಅವರಿಂದಲೇ ರೂಢಿಗೆ ಬಂದದ್ದು. ಪಕ್ಕದ ಚಿತ್ರದಲ್ಲಿ ಬಲಗಿವಿ ಸ್ಪಷ್ಟವಾಗಿ ಕಾಣಬೇಕೆಂಬುದು ಅವರ ನಿಯಮ. ನಮ್ಮ ಭಕ್ತರಲ್ಲಿ ಮಕ್ಕಳು ಅಮೆರಿಕದಲ್ಲಿ ನೆಲೆಸಿರುವವರು ಹಲವರಿದ್ದಾರೆ. 2004ರವರೆಗೆ ಅಲ್ಲಿನ ಗ್ರೀನ್ ಕಾರ್ಡಿಗೆ ಕೊಡುವ ಫೋಟೋದಲ್ಲಿ ಮುಖವನ್ನು ಓರೆಯಾಗಿಸಿ ಬಲಗಿವಿಯನ್ನು ತೋರಿಸಬೇಕಾಗಿತ್ತು. ಅದೇಕೆಂದು ಆಗ ಸೋಜಿಗಪಟ್ಟವರಿಗೆ ಕಾರಣ ಇಲ್ಲಿದೆ.

ಅದೇ ಕಾಲದಲ್ಲಿ ಇಟಲಿಯ ಜಿಯೋವಾನಿ ಮೊರೆಲ್ಲಿ ಹಳೆಯ ವರ್ಣಚಿತ್ರಗಳಲ್ಲಿನ ಕಿವಿಗಳನ್ನು ನೋಡಿ ಅವು ಯಾವ ಕಲಾವಿದನ ಕೈಯವು ಎಂದು ನಿರ್ಣಯಿಸುತ್ತಿದ್ದರು. ಅವರು ಓದಿದ್ದು ವೈದ್ಯಶಾಸ್ತ್ರ. ಷರ್ಲಾಕ್ ಹೋಮ್ಸನ ಕಥೆಯೊಂದರಲ್ಲಿ ಪೆಟ್ಟಿಗೆಯಲ್ಲಿ ಬಂದ ಕತ್ತರಿಸಿದ ಕಿವಿಯಿಂದಲೇ ಪತ್ತೆ ಆರಂಭವಾಗುತ್ತದೆ. ಅದನ್ನು ಬರೆದ ಕಾನನ್ ಡಾಯ್ಲ್ ಕೂಡ ವೈದ್ಯರೇ.

ಬೆರ್ತಿಯೋ ಪದ್ಧತಿ ನಮ್ಮ ದೇಶಕ್ಕೂ ಬಂದಿತು. ಬಂಗಾಳದ ಪೊಲೀಸು ಮುಖ್ಯಸ್ಥ ಎಡ್ವರ್ಡ್ ಹೆನ್ರಿ 1892ರಲ್ಲಿ ಅದನ್ನು ಜಾರಿಗೆ ತಂದರು. ಆದರೆ ಒಬ್ಬನೇ ಮನುಷ್ಯನನ್ನು ಇಬ್ಬರು ಪೇದೆಗಳು ಅಳೆದರೆ ಎರಡು ಅಳತೆಗಳು ಬರತೊಡಗಿದವು. ಕಿವಿಯ ಮೇಲೆ ಅಳತೆಪಟ್ಟಿಯನ್ನು ತುಸು ಒತ್ತಿದರೂ ಲೆಕ್ಕ ಬದಲಾಗುತ್ತದೆ. ಅಷ್ಟರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯ ಅಧಿಕಾರಿಗಳ ಶ್ರಮದಿಂದ ಬೆರಳಚ್ಚುಗಳನ್ನು ವಿಂಗಡಿಸುವ ಕ್ರಮ ಸಿದ್ಧವಾಯಿತು. 1897ರಲ್ಲಿ ಕಲಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಆರಂಭವಾಯಿತು. ಕಿವಿ ಹಿಂದೆ ಸರಿಯಿತು, ಬೆರಳು ಮುಂದೆ ಬಂದಿತು.

ಆದರೂ ಕಿವಿಯನ್ನು ಬಿಡದ ಕೆಲವರಿದ್ದರು. ಕ್ಯಾಲಿಫೋರ್ನಿಯಾದ ಪೊಲೀಸು ಅಧಿಕಾರಿ ಆಲ್ಫ್ರೆಡ್ ಇಯನ್ನರೆಲ್ಲಿ ಕಿವಿಯ ಚಿತ್ರದ ಮೇಲೆ ಚಕ್ರದ ಅರಗಳಂತೆ ಗೆರೆಗಳನ್ನಿಟ್ಟು ಹನ್ನೆರಡು ಅಳತೆಗಳನ್ನು ತೆಗೆದುಕೊಳ್ಳುವ ಕ್ರಮವನ್ನು ರೂಪಿಸಿ 1964ರಲ್ಲಿ ಪುಸ್ತಕ ಪ್ರಕಟಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಕಿವಿಗಳನ್ನು ನೋಡಿದ ಅವರಿಗೆ ಎರಡು ಕಿವಿಗಳು ಒಂದೇ ಬಗೆಯಾಗಿ ಕಾಣಲಿಲ್ಲವಂತೆ. ಮೊಬೈಲಿನಲ್ಲಿ ಹರಿದಾಡುವ "ಕಿವಿಯೂ ಬೆರಳಚ್ಚಿನಂತೆ" ಎಂಬ ಮಾತಿನ ಬೇರು ಇಲ್ಲಿದೆ. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಎರಡು ಕಿವಿಗಳು ಪೂರ್ತಿ ಒಂದೇ ಆಗಿರಲಾರವು ಎಂಬುದನ್ನು ನಾನೂ ನಂಬುತ್ತೇನೆ. ಆದರೆ ಒಂದು ಹೊಲದ ಎರಡು ಜೋಳದ ತೆನೆಗಳೂ ಪೂರ್ತಿ ಒಂದೇ ಆಗಿರಲಾರವು. ಹೆಚ್ಚಿನ ಪ್ರಶ್ನೆ ಇರುವುದು ಬೇರೆ ಕಡೆ: ಮಸುಕಾದ ಫೋಟೋವೊಂದನ್ನೋ ಗಾಜಿನ ಮೇಲಿನ ಗುರುತೊಂದನ್ನೋ ಕೈಯಲ್ಲಿ ಹಿಡಿದ ಮನುಷ್ಯನ ಕಣ್ಣು ಆ ಸೂಕ್ಷ್ಮ ಭೇದವನ್ನು ತಪ್ಪದೆ ಹಿಡಿಯಬಲ್ಲುದೇ? ಈ ಪ್ರಶ್ನೆಗೆ ಉತ್ತರವನ್ನು ನ್ಯಾಯಾಲಯಗಳು ದುಬಾರಿ ಬೆಲೆ ತೆತ್ತು ಕಲಿತವು.

ಮೂರು ವ್ಯಾಜ್ಯಗಳು

ನನ್ನ ಮುಂದೆ ಕುಳಿತಿದ್ದ ಕುಟುಂಬದ ಕಥೆಗೆ ಬಹಳ ಹತ್ತಿರವಾದದ್ದು ಭಾವಲ್ ಸಂನ್ಯಾಸಿಯ ವ್ಯಾಜ್ಯ. ಢಾಕಾ ಸಮೀಪದ ಭಾವಲ್ ಜಮೀನ್ದಾರಿಯ ಎರಡನೆಯ ಕುಮಾರ ರಮೇಂದ್ರನಾರಾಯಣ ರಾಯ್ 1909ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡನೆಂದು ಸುದ್ದಿಯಾಗಿತ್ತು. ಸುಮಾರು ಹನ್ನೆರಡು ವರ್ಷಗಳ ಮೇಲೆ ಢಾಕಾದಲ್ಲಿ ಕಾಣಿಸಿಕೊಂಡ ಬೂದಿಬಳಿದ ಸಂನ್ಯಾಸಿಯೊಬ್ಬನನ್ನು ಜನ ಕುಮಾರನೆಂದು ಗುರುತಿಸಿದರು. ಕುಮಾರನ ಹೆಂಡತಿ ಬಿಭಾವತಿದೇವಿ ಒಪ್ಪಲಿಲ್ಲ. 1930ರಲ್ಲಿ ದಾವೆ ಹೂಡಲಾಯಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆ ನಡೆಯಿತು. ನ್ಯಾಯಾಧೀಶ ಪನ್ನಾಲಾಲ್ ಬಸು ಅವರ ಮುಂದೆ ಶರೀರದ ಗುರುತುಗಳ ಉದ್ದವಾದ ಪಟ್ಟಿಯೇ ಇತ್ತು. ಅದರಲ್ಲಿ ಕಿವಿಗೂ ಸ್ಥಾನವಿತ್ತು: ಕಿವಿಯ ಅಂಚಿನಲ್ಲಿ ಚೂಪಾದ ಕೋನ, ಕೆನ್ನೆಗೆ ಅಂಟಿಕೊಳ್ಳದ, ಚುಚ್ಚಿಸಿದ ಹಾಲೆ. ಆದರೆ ಕಿವಿಯ ಜೊತೆಗೆ ತುಟಿಯ ಒಂದು ಓರೆ, ಮುರಿದ ಹಲ್ಲು, ಸಣ್ಣ ಪಾದ, ಪಾದದ ಒರಟು ಚರ್ಮ, ಗಾಯದ ಕಲೆಗಳು ಇವೆಲ್ಲವೂ ಇದ್ದವು. 1936ರಲ್ಲಿ ಬಸು ಅವರು ಸಂನ್ಯಾಸಿಯ ಪರವಾಗಿ ತೀರ್ಪಿತ್ತರು. 1940ರಲ್ಲಿ ಕಲಕತ್ತಾ ಹೈಕೋರ್ಟು ಬಹುಮತದಿಂದ ಅದನ್ನೇ ಎತ್ತಿಹಿಡಿಯಿತು. 1946ರ ಜುಲೈಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲೂ ಹಾಗೆಯೇ ಹೇಳಿತು. ಆ ಗೆಲುವಿನ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಇಲ್ಲಿ ಕಿವಿ ನೂರಾರು ಸಾಕ್ಷ್ಯಗಳ ನಡುವೆ ನಿಂತ ಒಂದು ಸಾಕ್ಷ್ಯ. ಅದರೊಂದರ ಮೇಲೆಯೇ ಯಾರೂ ತೀರ್ಪನ್ನು ಕಟ್ಟಲಿಲ್ಲ.

ಎರಡನೆಯದು ಜರ್ಮನಿಯದು. 1920ರ ಫೆಬ್ರುವರಿಯಲ್ಲಿ ಬರ್ಲಿನ್ನಿನ ಕಾಲುವೆಯಿಂದ ತರುಣಿಯೊಬ್ಬಳನ್ನು ಮೇಲೆತ್ತಿದರು. ಹೆಸರು ಹೇಳಲು ಒಪ್ಪದ ಆಕೆ ಮುಂದೆ ತಾನು ರಷ್ಯದ ಹತ್ಯೆಗೀಡಾದ ಚಕ್ರವರ್ತಿ ನಿಕೋಲಾಸನ ಮಗಳು ಅನಸ್ತಾಸಿಯಾ ಎಂದು ಸಾರಿದಳು. ಆನಾ ಆಂಡರ್ಸನ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ಆಕೆಯ ವ್ಯಾಜ್ಯ 1938ರಿಂದ 1970ರವರೆಗೆ ನಡೆದು ಯಾವ ಕಡೆಗೂ ಸಿದ್ಧವಾಗದೆ ಮುಗಿಯಿತು. 1977ರ ಸುಮಾರಿಗೆ ಮೋರಿಟ್ಸ್ ಫುರ್ಟ್‌ಮೈರ್ ಎಂಬ ತಜ್ಞರು ಆಕೆಯ ಬಲಗಿವಿಯನ್ನು ರಾಜಕುಮಾರಿಯ ಹಳೆಯ ಚಿತ್ರದೊಂದಿಗೆ ಹೋಲಿಸಿ ಹದಿನೇಳು ಅಂಶಗಳು ಕೂಡಿಬರುತ್ತವೆ ಎಂದರು. ಜರ್ಮನ್ ಪದ್ಧತಿಯಲ್ಲಿ ಹನ್ನೆರಡು ಕೂಡಿದರೆ ಸಾಕಾಗಿತ್ತು. ಕಿವಿಯ ಸಾಕ್ಷ್ಯಕ್ಕೆ ಇದಕ್ಕಿಂತ ದೊಡ್ಡ ವಿಜಯ ಬೇಕೇ? ಆಕೆ 1984ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ತೀರಿಕೊಂಡಳು, ದೇಹ ದಹನವಾಯಿತು. ಆದರೆ ಹಿಂದೊಮ್ಮೆ ಶಸ್ತ್ರಚಿಕಿತ್ಸೆಯಾದಾಗ ತೆಗೆದ ಕರುಳಿನ ಚೂರೊಂದು ಆಸ್ಪತ್ರೆಯಲ್ಲಿ ಉಳಿದಿತ್ತು. 1994ರಲ್ಲಿ ಅದರ ಡಿಎನ್‌ಎ ಪರೀಕ್ಷೆ ನಡೆಯಿತು. ಚಕ್ರವರ್ತಿಯ ಮನೆತನದೊಡನೆ ಅದು ಹೊಂದಲಿಲ್ಲ. ಫ್ರಾಂಝಿಸ್ಕಾ ಶಾಂಝ್‌ಕೋವ್ಸ್ಕಾ ಎಂಬ ಪೋಲೆಂಡಿನ ಕಾರ್ಖಾನೆ ಕೆಲಸಗಾತಿಯ ಮನೆತನದವರೊಡನೆ ಹೊಂದಿತು. ಹದಿನೇಳು ಅಂಶಗಳು ಕೂಡಿದ್ದವು, ಮನುಷ್ಯಳು ಮಾತ್ರ ಬೇರೆ.

ತಜ್ಞರು ಸುಳ್ಳು ಹೇಳಿದರೆಂದು ನಾನು ತಿಳಿಯುವುದಿಲ್ಲ. ಹೋಲಿಕೆಯನ್ನು ಹುಡುಕಲು ಕುಳಿತ ಕಣ್ಣಿಗೆ ಹೋಲಿಕೆಯೇ ಕಾಣುತ್ತದೆ. ವೈದ್ಯರಾದ ನಮಗೂ ಇದು ನಿತ್ಯದ ಅಪಾಯ. ಮಲೇರಿಯಾ ಇರಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ರೋಗಿಯನ್ನು ಮುಟ್ಟಿದರೆ ಚಳಿಯೂ ಕಾಣುತ್ತದೆ, ಗುಲ್ಮವೂ ಕೈಗೆ ಸಿಕ್ಕಂತಾಗುತ್ತದೆ. ಜ್ಞಾನದ ಒಂದು ತುಣುಕಿನಿಂದ ತಿಳಿಯಬೇಕಾದ ವಸ್ತುವಿನ ಪೂರ್ಣಜ್ಞಾನ ಉಂಟಾಗದು ಎಂಬ ಆಶಯವನ್ನು ಚರಕಾಚಾರ್ಯರು ವಿಮಾನಸ್ಥಾನದಲ್ಲಿ ರೋಗಪರೀಕ್ಷೆಯನ್ನು ಕುರಿತು ಹೇಳುವಾಗಲೇ ತಿಳಿಸಿದ್ದಾರೆ. ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಈ ಮೂರೂ ಕೂಡಿದ ಮೇಲೆ ನಿರ್ಣಯ.

ಮೂರನೆಯದು ಇನ್ನೂ ಕಠಿಣ. ಅಲ್ಲಿ ಪ್ರಶ್ನೆ ಕಿವಿಯದಲ್ಲ, ಕಿವಿ ಬಿಟ್ಟುಹೋದ ಅಚ್ಚಿನದು. ಮನೆ ಮುರಿಯುವ ಕಳ್ಳರು ಒಳಗೆ ಯಾರಾದರೂ ಎಚ್ಚರವಾಗಿದ್ದಾರೆಯೇ ಎಂದು ತಿಳಿಯಲು ಬಾಗಿಲಿಗೋ ಕಿಟಕಿಗೋ ಕಿವಿಯಿಟ್ಟು ಆಲಿಸುವುದುಂಟು. ಚರ್ಮದ ಜಿಡ್ಡಿನಿಂದ ಅಲ್ಲಿ ಅಚ್ಚು ಮೂಡುತ್ತದೆ. 1996ರಲ್ಲಿ ಇಂಗ್ಲೆಂಡಿನ ಹಡ್ಡರ್ಸ್‌ಫೀಲ್ಡಿನಲ್ಲಿ 94 ವರ್ಷದ ವೃದ್ಧೆಯೊಬ್ಬರನ್ನು ಯಾರೋ ದಿಂಬಿನಿಂದ ಉಸಿರುಗಟ್ಟಿಸಿ ಕೊಂದರು. ಕಿಟಕಿಯ ಗಾಜಿನ ಮೇಲೆ ಕಿವಿಯಚ್ಚು ದೊರೆಯಿತು. ಒಬ್ಬ ಯುವಕನ ಕಿವಿಯೊಡನೆ ಅದು ಖಚಿತವಾಗಿ ಹೊಂದುತ್ತದೆಂದು ತಜ್ಞರು ನುಡಿದರು. 1998ರಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿ ಮರುವಿಚಾರಣೆಗೆ ಆದೇಶಿಸಿತು. ಅನಂತರ ಅದೇ ಅಚ್ಚಿನಲ್ಲಿ ಸಿಕ್ಕ ಡಿಎನ್‌ಎ ಪರೀಕ್ಷಿಸಿದಾಗ ಅದು ಆತನದಾಗಿರಲಿಲ್ಲ. 2004ರಲ್ಲಿ ಪ್ರಕರಣ ಕೈಬಿಡಲಾಯಿತು. ಸೆರೆಮನೆಯಲ್ಲಿ ಕಳೆದ ಆ ವರ್ಷಗಳನ್ನು ಯಾವ ತಜ್ಞನೂ ಹಿಂದಿರುಗಿಸಲಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿಯೂ ಬಾಗಿಲಿನ ಮೇಲಿನ ಕಿವಿಯಚ್ಚಿನಿಂದ ಶಿಕ್ಷೆಯಾದ ಒಬ್ಬನ ತೀರ್ಪನ್ನು 1999ರಲ್ಲಿ ಮೇಲಿನ ನ್ಯಾಯಾಲಯ ತಳ್ಳಿಹಾಕಿತು. ಇಂತಹ ಗುರುತಿಸುವಿಕೆಗೆ ವಿಜ್ಞಾನಿಗಳ ವಲಯದಲ್ಲಿ ಸಾಮಾನ್ಯ ಒಪ್ಪಿಗೆ ಇಲ್ಲವೆಂಬುದು ಅದರ ಕಾರಣ.

ಏಕೆ ಹೀಗಾಯಿತೆಂಬುದು ನಾನು ಮೇಲೆ ಹೇಳಿದ ತರುಣಾಸ್ಥಿಯನ್ನು ನೆನೆದರೆ ತಿಳಿಯುತ್ತದೆ. ಕಿವಿ ಬಾಗುವ ಅಂಗ. ಮೆಲ್ಲಗೆ ಒತ್ತಿದರೆ ಹೊರಗಿನ ಏಣುಗಳಷ್ಟೇ ಅಚ್ಚಾಗುತ್ತವೆ. ಬಲವಾಗಿ ಒತ್ತಿದರೆ ತಗ್ಗುಗಳೂ ತಾಗುತ್ತವೆ, ಏಣುಗಳು ಚಪ್ಪಟೆಯಾಗಿ ಅಗಲವಾಗುತ್ತವೆ. ತಲೆಯನ್ನು ತುಸು ತಿರುಗಿಸಿದರೆ ಇನ್ನೊಂದೇ ಚಿತ್ರ. ಒಂದೇ ಕಿವಿಯಿಂದ ಹತ್ತು ಅಚ್ಚು ತೆಗೆದರೆ ಹತ್ತೂ ಬೇರೆ ಬೇರೆ. ಬೆರಳಚ್ಚಿನಲ್ಲಿ ಇರುವಂತಹ ಸೂಕ್ಷ್ಮ ಗೆರೆಗಳ ಸಾಲು ಕಿವಿಯಲ್ಲಿಲ್ಲ. ಈ ಸೋಲುಗಳ ತರುವಾಯ ಯುರೋಪಿನ ಸಂಸ್ಥೆಗಳು ಸೇರಿ 1,200ಕ್ಕೂ ಹೆಚ್ಚು ಜನರ ಕಿವಿಯಚ್ಚುಗಳನ್ನು ಸಂಗ್ರಹಿಸಿ ಕಂಪ್ಯೂಟರಿನಿಂದ ಪರೀಕ್ಷಿಸಿದವು. ಪ್ರಯೋಗಶಾಲೆಯಲ್ಲಿ ತೆಗೆದ ಒಳ್ಳೆಯ ಅಚ್ಚುಗಳಲ್ಲಿಯೇ ನೂರಕ್ಕೆ ಸುಮಾರು ನಾಲ್ಕರಷ್ಟು ತಪ್ಪು ಬಂದಿತು. ಅಪರಾಧದ ಸ್ಥಳದಲ್ಲಿ ಸಿಗುವಂತಹ ಅಚ್ಚುಗಳಲ್ಲಿ ಅದು ಒಂಬತ್ತರ ಸುಮಾರಿಗೆ ಏರಿತು. ನೂರಕ್ಕೆ ನಾಲ್ಕು ಎಂದರೆ ಸಣ್ಣದೆಂದು ತೋರಬಹುದು. ಒಂದು ಲಕ್ಷ ಜನಸಂಖ್ಯೆಯ ಪಟ್ಟಣದಲ್ಲಿ ಆ ಲೆಕ್ಕದಿಂದ ನಾಲ್ಕು ಸಾವಿರ ನಿರಪರಾಧಿಗಳ ಕಿವಿಗಳು ಅದೇ ಅಚ್ಚಿಗೆ ಹೊಂದುವಂತೆ ಕಾಣುತ್ತವೆ.

ನಮ್ಮ ದೇಶದ 2022ರ ಗುರುತಿಸುವಿಕೆಯ ಕಾಯ್ದೆಯು ಆರೋಪಿಗಳಿಂದ ಬೆರಳಚ್ಚು, ಅಂಗೈಯಚ್ಚು, ಪಾದದಚ್ಚು, ಛಾಯಾಚಿತ್ರ, ಕಣ್ಣಿನ ಪಾಪೆಯ ಗುರುತು, ಜೈವಿಕ ಮಾದರಿ ಮುಂತಾದವುಗಳನ್ನು ತೆಗೆದುಕೊಳ್ಳಲು ಅವಕಾಶವಿತ್ತಿದೆ. ಕಿವಿಯ ಹೆಸರನ್ನು ಅದು ಪ್ರತ್ಯೇಕವಾಗಿ ಎತ್ತಿಲ್ಲ. ಅದರಿಂದ ನಷ್ಟವೇನೂ ಆಗಿಲ್ಲವೆಂದೇ ನನ್ನ ಎಣಿಕೆ. ಆದರೂ ತನಿಖೆಯಲ್ಲಿ ಕಿವಿಗೆ ಬೆಲೆಯೇ ಇಲ್ಲವೆನ್ನುವಂತಿಲ್ಲ. ನಕ್ಕರೂ ಅತ್ತರೂ ಮುಖದಂತೆ ಅದು ಬದಲಾಗುವುದಿಲ್ಲ. ಮೂಗುಬಾಯಿಗೆ ವಸ್ತ್ರ ಕಟ್ಟಿಕೊಂಡವನ ಕಿವಿಯೂ ಸಿಸಿ ಕ್ಯಾಮರಾದಲ್ಲಿ ಕಾಣುತ್ತದೆ. ಚಿತ್ರ ಸ್ಪಷ್ಟವಾಗಿದ್ದು, ಕೋನ ಒಂದೇ ಆಗಿದ್ದು, ತರುಣಾಸ್ಥಿಯ ಏಣುಗಳು ಬೇರೆಯಾಗಿದ್ದರೆ "ಇವನಲ್ಲ" ಎಂದು ಧೈರ್ಯವಾಗಿ ಹೇಳಬಹುದು. "ಇವನೇ" ಎಂದು ಅದೇ ಧೈರ್ಯದಿಂದ ಹೇಳಲಾಗದು.

ಬದಲಾಗುವ ಕಿವಿ

"ಇವನಲ್ಲ" ಎನ್ನುವುದಕ್ಕೂ ಒಂದು ಅಡ್ಡಿಯಿದೆ. ಕಿವಿ ಬದಲಾಗುವುದಿಲ್ಲ ಎಂಬ ಆ ಕಿರಿಯ ಮಗನ ಮಾತು ಪೂರ್ತಿ ನಿಜವಲ್ಲ.

ಇಂಗ್ಲೆಂಡಿನ ಜೇಮ್ಸ್ ಹೀತ್‌ಕೋಟ್ ಎಂಬ ಕುಟುಂಬವೈದ್ಯರು ತಮ್ಮ ಹಾಗೂ ಜೊತೆಯ ವೈದ್ಯರ ಬಳಿಗೆ ಬಂದ, ಮೂವತ್ತು ದಾಟಿದ 206 ರೋಗಿಗಳ ಕಿವಿಗಳನ್ನು ಅಳೆದು 1995ರಲ್ಲಿ ಲೆಕ್ಕ ಪ್ರಕಟಿಸಿದರು. ಕಿವಿ ವರ್ಷಕ್ಕೆ ಸರಾಸರಿ 0.22 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ನಲವತ್ತು ವರ್ಷಗಳಲ್ಲಿ ಸುಮಾರು ಒಂಬತ್ತು ಮಿಲಿಮೀಟರು. ಅಜ್ಜಂದಿರ ಕಿವಿ ದೊಡ್ಡದಾಗಿ ಕಾಣುವುದು ಭ್ರಮೆಯಲ್ಲ. ಚರ್ಮ ಸಡಿಲವಾದಂತೆ ಹಾಲೆ ಜೋಲುತ್ತದೆ. ನಮ್ಮ ಕಡೆಯ ಹಿರಿಯ ತಾಯಂದಿರಲ್ಲಿ ಭಾರವಾದ ಓಲೆ, ಬುಗುಡಿಗಳಿಂದ ತೂತು ಜಗ್ಗಿ ಹಾಲೆ ಸೀಳಿಯೇ ಹೋದದ್ದನ್ನು ನಾನು ಎಷ್ಟೋ ಬಾರಿ ಹೊಲಿದಿದ್ದೇನೆ. ಈ ಕೆಲಸ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯ ಕಿವಿ ಚುಚ್ಚುವುದಕ್ಕೂ ಸೀಳಿದ ಕಿವಿಯನ್ನು ಕೂಡಿಸುವುದಕ್ಕೂ ಮೀಸಲಾಗಿದೆ. ಹಾಲೆಯ ಆಕಾರವನ್ನು ನೋಡಿ ಕೂಡಿಸುವ ಹದಿನೈದು ವಿಧಾನಗಳನ್ನು ಅದು ಹೆಸರಿಸಿ ಹೇಳುತ್ತದೆ. ಹಾಲೆಯೇ ಇಲ್ಲದವರಿಗೆ ಕೆನ್ನೆಯ ಮಾಂಸವನ್ನು ಬುಡ ಬಿಡದಂತೆ ಎತ್ತಿ ಹಾಲೆ ರಚಿಸುವ ಕ್ರಮವೂ ಅಲ್ಲಿದೆ. ಹೀಗೆ ರಿಪೇರಿಯಾದ ಕಿವಿಯನ್ನು ಹಳೆಯ ಫೋಟೋದೊಡನೆ ಹೋಲಿಸಿ ಯಾರು ಏನು ಹೇಳಬಲ್ಲರು?

ರೋಗವೂ ಕಿವಿಯನ್ನು ಬದಲಿಸುತ್ತದೆ. ಕುಷ್ಠರೋಗದ ಒಂದು ಬಗೆಯಲ್ಲಿ ಹಾಲೆ ದಪ್ಪವಾಗಿ ಗಂಟುಗಂಟಾಗುತ್ತದೆ. ಹಾಲೆಯನ್ನು ಬಿಟ್ಟು ಮೇಲಿನ ಗಟ್ಟಿ ಭಾಗವನ್ನು ಚುಚ್ಚಿಸುವುದು ಈಗ ಹೆಣ್ಣುಮಕ್ಕಳಲ್ಲಿ ಷೋಕಿಯಾಗಿದೆ. ತರುಣಾಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಮೇಲಿನ ಪೊರೆಯಿಂದಲೇ ಅದಕ್ಕೆ ಪೋಷಣೆ. ಅಲ್ಲಿ ಕೀವಾದರೆ ಒಳಗಿನ ತರುಣಾಸ್ಥಿ ಕರಗಿ ಕಿವಿ ಶಾಶ್ವತವಾಗಿ ಮುದುಡುತ್ತದೆ. ಗರಡಿಮನೆಯ ಪೈಲ್ವಾನರ ಕಿವಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪೆಟ್ಟು ಬಿದ್ದಾಗ ಪೊರೆಗೂ ತರುಣಾಸ್ಥಿಗೂ ನಡುವೆ ರಕ್ತ ತುಂಬಿಕೊಳ್ಳುತ್ತದೆ. ಕೆಲವು ದಿನಗಳೊಳಗೆ ವೈದ್ಯರಲ್ಲಿ ಹೋಗಿ ಅದನ್ನು ತೆಗೆಸಿ ಒತ್ತುಪಟ್ಟಿ ಕಟ್ಟಿಸದಿದ್ದರೆ ಅದು ಗಟ್ಟಿಯಾಗಿ ಕಿವಿ ಗಂಟಾಗಿ ಉಳಿಯುತ್ತದೆ. ಮಕ್ಕಳ ಕಿವಿಗೆ ಹೊಡೆಯುವ ತಂದೆತಾಯಿಗಳೂ ಶಿಕ್ಷಕರೂ ಇದನ್ನು ಮರೆಯಬಾರದು.

ಆ ದಿನ ನಾನು ಆ ಮನುಷ್ಯನ ಕಿವಿಯನ್ನು ಬೆರಳಿನಿಂದ ಒತ್ತಿ ನೋಡಿದಾಗ ಸಿಕ್ಕಿದ್ದು ಇದೇ ಹಳೆಯ ಗಂಟು. ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಮಾಲಿ ಮಾಡತಿದ್ನಿರಿ. ಹೊಡೆದಾಟದಾಗ ಪೆಟ್ಟ ಬಿತ್ರಿ" ಎಂದ. ಅದು ನಿಜವೋ ಸುಳ್ಳೋ ನನಗೆ ತಿಳಿಯುವಂತಿರಲಿಲ್ಲ. ಆದರೆ ಅಂತಹ ಗಂಟು ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟಿನಿಂದ ಬಂದದ್ದು ಎಂಬಷ್ಟನ್ನು ಹೇಳಬಹುದಾಗಿತ್ತು. ಪೆಟ್ಟು ಬೀಳದ ಎಡಗಿವಿಯನ್ನು ಹೋಲಿಸೋಣವೆಂದರೆ ಫೋಟೋದಲ್ಲಿದ್ದದ್ದು ಬಲಗಿವಿ ಮಾತ್ರ. ಬಲಗಿವಿಯ ಕೆಳಭಾಗ ಫೋಟೋದಲ್ಲಿದ್ದಂತೆಯೇ ಕಾಣುತ್ತಿತ್ತು. ಆದರೆ ತಾಯಿಯ ಕಣ್ಣುಗಳನ್ನು ನೋಡಿದ ಮೇಲೆ ನನ್ನ ಕಣ್ಣು ಹೋಲಿಕೆಯನ್ನೇ ಹುಡುಕುತ್ತಿದೆಯೆಂದು ನನಗೆ ಅನ್ನಿಸಿತು. ಚೀಟಿ ಬರೆಯಲಿಲ್ಲ. "ಈ ಕಿವಿಯಿಂದ ಹೌದು ಎಂದೂ ಹೇಳಲಾಗದು, ಅಲ್ಲ ಎಂದೂ ಹೇಳಲಾಗದು. ತಾಯಿ ಬದುಕಿದ್ದಾರೆ. ತಾಯಿಯದೂ ಇವರದೂ ಡಿಎನ್‌ಎ ಪರೀಕ್ಷೆ ಮಾಡಿಸಿ" ಎಂದೆ. ಕಿರಿಯ ಮಗನಿಗೆ ಸಿಟ್ಟು ಬಂದಿತು. ಹಿರಿಯರಿಗೂ ಅಸಮಾಧಾನವಾಯಿತು, ನಾಲ್ಕು ದಶಕ ವೈದ್ಯಕೀಯ ಮಾಡಿದವನು ಒಂದು ಕಿವಿಯನ್ನು ನೋಡಿ ಹೇಳಲಾರನೇ ಎಂದು ಅವರು ಹೊರಗೆ ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತು.

ತಾಯಿ ಮಾತ್ರ ಎದ್ದುಹೋಗುವಾಗ ಆತನ ಭುಜ ಹಿಡಿದುಕೊಂಡು, "ಏಳ ತಮ್ಮಾ, ಪ್ರಸಾದದ ಹೊತ್ತಾತು" ಎಂದರು.

ಪರೀಕ್ಷೆಗೆ ಒಪ್ಪಿಸಲು ಎಂಟು ತಿಂಗಳು ಬೇಕಾಯಿತು. ಕೊನೆಗೆ ವಕೀಲರ ಮೂಲಕ ಇಬ್ಬರೂ ರಕ್ತದ ಮಾದರಿ ಕೊಟ್ಟರು. ವರದಿ ಬಂದಾಗ ಕಿರಿಯ ಮಗನೇ ಅದನ್ನು ಓದಿಸಿಕೊಳ್ಳಲು ನನ್ನ ಚಿಕಿತ್ಸಾಲಯಕ್ಕೆ ತಂದ. ಪರೀಕ್ಷಿಸಿದ ಎಲ್ಲ ಸ್ಥಾನಗಳಲ್ಲಿಯೂ ತಾಯಿಯ ಒಂದು ಪಾಲು ಆತನಲ್ಲಿತ್ತು. ಆತ ಆ ತಾಯಿಯ ಮಗನೇ. ಕಿರಿಯ ಮಗ ವರದಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಹಳ ಹೊತ್ತು ಬೆಂಚಿನ ಮೇಲೆ ಕುಳಿತಿದ್ದ.

ಭಕ್ತರಲ್ಲಿ ಒಂದು ವಿನಂತಿ. ಮನೆಯಲ್ಲಿ ಮರೆವಿನ ರೋಗವಿರುವ ಹಿರಿಯರು, ಮಾತು ಬಾರದ ಮಕ್ಕಳು, ಮನಸ್ಸು ಸ್ಥಿಮಿತವಿಲ್ಲದವರು ಇದ್ದರೆ ಅವರ ಮುಖದ ಚಿತ್ರದ ಜೊತೆಗೆ ಎಡಪಕ್ಕದಿಂದ ಒಂದು, ಬಲಪಕ್ಕದಿಂದ ಒಂದು ಚಿತ್ರವನ್ನು, ಕೂದಲನ್ನು ಹಿಂದಕ್ಕೆ ಸರಿಸಿ ಎರಡೂ ಕಿವಿಗಳು ಪೂರ್ತಿ ಕಾಣುವಂತೆ, ಹಗಲ ಬೆಳಕಿನಲ್ಲಿ ತೆಗೆದಿಡಿ. ಮಚ್ಚೆ, ಗಾಯದ ಕಲೆ, ಬಿದ್ದ ಹಲ್ಲುಗಳನ್ನು ಒಂದು ಕಾಗದದಲ್ಲಿ ಬರೆದಿಡಿ. ಜಾತ್ರೆಯ ಗದ್ದಲದಲ್ಲಿ ತಪ್ಪಿಸಿಕೊಂಡವರನ್ನು ಹುಡುಕುವಾಗ ಪೊಲೀಸರಿಗೆ ಇದು ನೆರವಾಗುತ್ತದೆ. ಚಿಕ್ಕ ಮಕ್ಕಳಾದರೆ ಎರಡು ಮೂರು ವರ್ಷಗಳಿಗೊಮ್ಮೆ ಚಿತ್ರವನ್ನು ಹೊಸದಾಗಿಸಿ.

ಕಳೆದ ಅಮಾವಾಸ್ಯೆಯ ತಪಾಸಣೆಗೆ ಆ ಹಿರಿಯ ಮಗ ತಮ್ಮನ ಬೈಕಿನಲ್ಲಿ ಬಂದಿದ್ದ. ಬಲಗಿವಿ ಸರಿಯಾಗಿ ಕೇಳಿಸುವುದಿಲ್ಲವೆಂದ. ದೀಪ ಹಿಡಿದು ನೋಡಿದರೆ ಮುದುಡಿದ ತರುಣಾಸ್ಥಿಯಿಂದ ರಂಧ್ರದ ಬಾಯಿ ಕಿರಿದಾಗಿ, ಒಳಗೆ ಗುಗ್ಗೆ ಗಟ್ಟಿಯಾಗಿ ಕುಳಿತಿತ್ತು. ಅದನ್ನು ಇಲ್ಲಿಯೇ ತೆಗೆಯಲು ಹೋಗದೆ, ಕಿವಿ ಮೂಗು ಗಂಟಲಿನ ತಜ್ಞರಿಗೆ ಚೀಟಿ ಬರೆದು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದ್ದೇನೆ.